127 ಎಕ್ಟಾರ್: ಕ್ರೌನ್ ಗ್ರಾಫಿಕ್ ಮೇಲೆ ಆರು ವರ್ಷ

ಸೇಬು ತುಂಬಾ ಚೆನ್ನಾಗಿ ಬಂದಿತ್ತು. ಸಿಪ್ಪೆಯ ಮೇಲಿನ ಚುಕ್ಕೆಗಳನ್ನು ಎಣಿಸಬಹುದಿತ್ತು. ಅದನ್ನು ನನ್ನ ಕಡೆ ಚಾಚಿ ನಿಂತಿದ್ದ ಅಂಗಡಿಯ ಅಜ್ಜನ ಮುಖ ಮಾತ್ರ ಮಸುಕು. ರಾಚೆಸ್ಟರ್‌ನ ಪಬ್ಲಿಕ್ ಮಾರ್ಕೆಟ್‌ನಲ್ಲಿ, ಈ 127 ಎಕ್ಟಾರ್ ಲೆನ್ಸ್ ತಗೊಂಡ ಮೊದಲ ವರ್ಷ ತೆಗೆದದ್ದು ಅದು. ಆ ಎಲೆ ಉದುರುವ ಕಾಲದಲ್ಲಿ ಹತ್ತಿರದಿಂದ ತೆಗೆದ ಮುಖಗಳೆಲ್ಲ ಹೀಗೇ ಆದವು. ದೂರದ ಚಿತ್ರಗಳು ಸರಿಯಾಗಿದ್ದವು. ಕೈ ಅಲುಗಿರಬೇಕು ಅಂದುಕೊಂಡೆ. ಆದರೆ ಕೈ ಅಲುಗಿದ್ದರೆ ಸೇಬೂ ಅಲುಗಬೇಕಿತ್ತು, ಅಲ್ವಾ?

ನನ್ನ ಕ್ಯಾಮೆರಾ ಗ್ರಾಫ್ಲೆಕ್ಸ್ ಕಂಪನಿಯ ಪೇಸ್‌ಮೇಕರ್ ಕ್ರೌನ್ ಗ್ರಾಫಿಕ್. 4x5 ಇಂಚಿನ ಹಾಳೆ ಫಿಲ್ಮ್, ಪಕ್ಕದಲ್ಲಿ ಕಲಾರ್ಟ್ ರೇಂಜ್‌ಫೈಂಡರ್, ಅಂದರೆ ಒಳಗೆ ಕಾಣುವ ಎರಡು ಬಿಂಬಗಳನ್ನು ಒಂದು ಮಾಡಿ ಫೋಕಸ್ ಹಿಡಿಯುವ ಉಪಕರಣ. ಜೊತೆಗೆ ಬಂದದ್ದು 135 ಮಿಲಿಮೀಟರ್‌ನ ಗ್ರಾಫ್ಲೆಕ್ಸ್ ಆಪ್ಟಾರ್ ಲೆನ್ಸ್. ಅದರ ಮುಂದಿನ ಗಾಜಿನಲ್ಲಿ ಗೀರುಗಳು ಜಾಸ್ತಿ ಇದ್ದವು, ಬಿಸಿಲು ಬಿದ್ದರೆ ಚಿತ್ರ ಬೆಳ್ಳಗಾಗುತ್ತಿತ್ತು. ಹಾಗಾಗಿ ಕೊಡಕ್‌ನ 127 ಎಕ್ಟಾರ್ ಕೊಂಡೆ. ಬೆಳಕಿನ ಕಿಂಡಿ ಪೂರ್ತಿ ತೆರೆದರೆ ಎರಡೂ ಎಫ್ 4.7; ಎಫ್ ನಂಬರ್ ಹೆಚ್ಚಾದಷ್ಟೂ ಕಿಂಡಿ ಕಿರಿದು. ಕ್ಯಾಮೆರಾ, ಲೆನ್ಸ್ ಎರಡೂ ನಾನಿರುವ ಈ ರಾಚೆಸ್ಟರ್ ಊರಿನ ಕಂಪನಿಗಳವೇ, ಆ ಖುಷಿಯೂ ಸೇರಿತ್ತು. ಲೆನ್ಸಿನ ನಂಬರ್ 'ಇ, ಎಸ್' ಅಂತ ಶುರುವಾಗುತ್ತದೆ. ಕೊಡಕ್‌ನವರು 'ಕ್ಯಾಮೆರಾಸಿಟಿ' (CAMEROSITY) ಅನ್ನುವ ಪದದ ಹತ್ತು ಇಂಗ್ಲಿಷ್ ಅಕ್ಷರಗಳನ್ನು 1ರಿಂದ 9, ಆಮೇಲೆ 0 ಅಂತ ಲೆಕ್ಕ ಹಿಡಿದು ಇಸವಿ ಬರೆಯುತ್ತಿದ್ದರು. ಇ ಅಂದರೆ 4, ಎಸ್ ಅಂದರೆ 7. ಅಂದರೆ 1947ರ ಲೆನ್ಸ್. ಅಂಚಿನಲ್ಲಿ ವೃತ್ತದೊಳಗೆ ಒಂದು ಪುಟ್ಟ 'ಎಲ್' ಇದೆ. ಗಾಜಿಗೆ ಕೋಟಿಂಗ್ ಇದೆ ಅನ್ನುವ ಗುರುತು ಅದು. ಕೊಳ್ಳುವಾಗ ಇದನ್ನು ತಪ್ಪದೆ ನೋಡಿ.

ಮಾರಿದವರು, "ಎಂಟು ಮಿಲಿಮೀಟರ್ ವ್ಯತ್ಯಾಸ ತಾನೆ, ರೇಂಜ್‌ಫೈಂಡರ್ ಮುಟ್ಟಲೇ ಬೇಡಿ" ಅಂದರು. ನಂಬಿದೆ. ಆ ಒಂದು ಮಾತಿಗೆ ನನ್ನ ಎರಡು ಡಬ್ಬ ಫಿಲ್ಮ್ ಹೋಯಿತು.

ಲೆಕ್ಕ ಹಾಕಿ ನೋಡಿದ್ದು ಆಮೇಲೆ. ಎರಡು ಮೀಟರ್ ದೂರದ ಮುಖಕ್ಕೆ ಫೋಕಸ್ ಮಾಡಲು 135ರ ಲೆನ್ಸ್ ಸುಮಾರು 9.8 ಮಿಲಿಮೀಟರ್ ಮುಂದೆ ಬರಬೇಕು. 127ಕ್ಕೆ 8.6 ಸಾಕು. ರೇಂಜ್‌ಫೈಂಡರ್‌ಗೆ ಗೊತ್ತಿದ್ದದ್ದು ಹಳೆಯ ಲೆನ್ಸ್ ಮಾತ್ರ. ನಾನು ಅಜ್ಜನ ಕಣ್ಣಿನ ಎರಡು ಬಿಂಬಗಳನ್ನು ಒಂದು ಮಾಡಿದಾಗ ಲೆನ್ಸ್ ಅಗತ್ಯಕ್ಕಿಂತ ಮುಂದೆ ಬಂದು ನಿಂತಿತ್ತು. ಫೋಕಸ್ ಬಿದ್ದದ್ದು ಮುಖಕ್ಕಿಂತ ಒಂದು ಗೇಣು ಈಚೆ. ಅಲ್ಲಿ ಸೇಬಿತ್ತು. ದೂರದ ಚಿತ್ರಗಳಲ್ಲಿ ಇದು ಕಾಣುವುದಿಲ್ಲ, ಎಫ್ 11 ಅದನ್ನು ಮುಚ್ಚಿಬಿಡುತ್ತದೆ.

ಆ ಚಳಿಗಾಲ ಅಮ್ಮ ಹಾಸನದಿಂದ ಬಂದಿದ್ದರು. ಕಲಾರ್ಟ್‌ನ ಒಳ್ಳೆಯ ಗುಣ ಅಂದರೆ ಅದನ್ನು ಮನೆಯಲ್ಲೇ ಬೇರೆ ಲೆನ್ಸಿಗೆ ಹೊಂದಿಸಬಹುದು. ಮೊದಲು ದೂರದ್ದು. ಹಗಲಿನಲ್ಲಿ ಕೊಡಕ್ ಟವರ್‌ನ ತುದಿ ಗ್ರೌಂಡ್ ಗ್ಲಾಸ್ (ಕ್ಯಾಮೆರಾದ ಹಿಂದೆ ಬಿಂಬ ಬೀಳುವ ಮಸುಕು ಗಾಜು) ಮೇಲೆ ಚೂಪಾಗಿ ಕಾಣುವ ಜಾಗ ಹುಡುಕಿ, ಲೆನ್ಸ್ ಜಾರುವ ಹಳಿಯ ಮೇಲೆ ಅದನ್ನು ತಡೆದು ನಿಲ್ಲಿಸುವ ಸ್ಟಾಪ್‌ಗಳನ್ನು ಬಿಗಿ ಮಾಡಿದೆ. ಹತ್ತಿರದ್ದಕ್ಕೆ ಒಂದು ಚುಕ್ಕೆಯಂಥ ಬೆಳಕು ಬೇಕಿತ್ತು. ದೇವರ ಮುಂದಿನ ದೀಪ ತಂದು ಊಟದ ಮೇಜಿನ ಮೇಲಿಟ್ಟೆ. "ದೀಪ ಯಾಕೋ ಇಲ್ಲಿ ತಂದೆ?" ಅಂದರು ಅಮ್ಮ. "ಸ್ವಲ್ಪ ಹೊತ್ತಮ್ಮ, ಮತ್ತೆ ಅಲ್ಲೇ ಇಡ್ತೀನಿ" ಅಂದೆ. ಕೋಣೆಯ ಲೈಟ್ ಆರಿಸಿ ರೇಂಜ್‌ಫೈಂಡರ್‌ನಲ್ಲಿ ನೋಡಿದರೆ ಎರಡು ಜ್ವಾಲೆ. ಗುಬುಟು ತಿರುಗಿಸಿದ ಹಾಗೆ ಒಂದರ ಕಡೆಗೆ ಇನ್ನೊಂದು ಜಾರಿ ಬರುತ್ತದೆ. ಎರಡೂ ಸೇರಿ ಒಂದೇ ಜ್ವಾಲೆಯಾದ ಗಳಿಗೆಯಲ್ಲಿ ಹಿಂದಿನ ಗಾಜನ್ನು ಭೂತಗನ್ನಡಿ ಇಟ್ಟು ನೋಡಬೇಕು, ಅಲ್ಲೂ ಬತ್ತಿ ಚೂಪಾಗಿರಬೇಕು. ಹತ್ತಿರದ್ದು ಸರಿಮಾಡಿದರೆ ದೂರದ್ದು ಸ್ವಲ್ಪ ಕದಲುತ್ತದೆ. ಮತ್ತೆ ಅದು, ಮತ್ತೆ ಇದು. ಮೂರು ಸಂಜೆ ಹಿಡಿಯಿತು. ಆ ಲೆನ್ಸ್ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ಮೂರು ಸಂಜೆಗಳಲ್ಲಿ.

ಅಲ್ಲಿಂದೀಚೆಗೆ ಕೈಯಲ್ಲಿ ಹಿಡಿದು ತೆಗೆಯುವುದಕ್ಕೆ ಇದೇ ನನ್ನ ಲೆನ್ಸ್. ಮುಖ್ಯ ಕಾರಣ ಸುಲಭ: ಚಿಕ್ಕದು, ಹಗುರ, ಕ್ಯಾಮೆರಾ ಮಡಚಿದರೆ ಒಳಗೇ ಕೂರುತ್ತದೆ. ಶನಿವಾರ ಬೆಳಿಗ್ಗೆ ಕಾಫಿ ಕುಡಿದು, ಎರಡೆರಡು ಹಾಳೆ ಹಿಡಿಯುವ ಆರು ಫಿಲ್ಮ್ ಹೋಲ್ಡರ್ ಚೀಲಕ್ಕೆ ಹಾಕಿಕೊಂಡು ಹೊರಡುತ್ತೇನೆ. ಹನ್ನೆರಡು ಹಾಳೆ, ಅಷ್ಟೇ. ಮುಚ್ಚಳ ತೆರೆದು ಲೆನ್ಸನ್ನು ಹಳಿಯ ಮೇಲೆ ಸ್ಟಾಪ್ ತಗಲುವವರೆಗೆ ಎಳೆಯುತ್ತೇನೆ. ಮೋಡದ ದಿನ, ಎಚ್‌ಪಿ5 ಫಿಲ್ಮ್ ಇದ್ದರೆ, ಎಫ್ 8, 1/200. ಶಟರ್ ಎಳೆದಿಡುವುದು, ಹಾಳೆಗೆ ಬೆಳಕು ತಗಲದಂತೆ ಮುಚ್ಚಿರುವ ಡಾರ್ಕ್ ಸ್ಲೈಡ್ ತೆಗೆಯುವುದು, ಅದನ್ನು ಎಡಗೈ ಬೆರಳುಗಳ ನಡುವೆ ಸಿಕ್ಕಿಸಿಕೊಳ್ಳುವುದು, ಉಸಿರು ಅರ್ಧ ಬಿಟ್ಟು ನಿಲ್ಲಿಸುವುದು. ಕೇಬಲ್ ರಿಲೀಸ್ ಕೊನೆಯನ್ನು ಪಕ್ಕದ ಚರ್ಮದ ಪಟ್ಟಿಗೆ ಕಟ್ಟಿದ್ದೇನೆ, ಹೆಬ್ಬೆರಳಿಗೆ ಸಿಗುವ ಹಾಗೆ. ಬೆರಳಿಂದ ಲೆನ್ಸಿನ ಮೇಲೇ ಒತ್ತಿದರೆ ಎರಡು ಕಿಲೋ ಮೀರಿದ ಕ್ಯಾಮೆರಾ ಕೂಡ ಬಗ್ಗುತ್ತದೆ.

ಕೊರತೆ ಇಲ್ಲವೆಂದಲ್ಲ. ಈ ಲೆನ್ಸಿನ ಬಿಂಬ 4x5 ಹಾಳೆಯನ್ನು ಹೆಚ್ಚುಕಮ್ಮಿ ಅಷ್ಟಕ್ಕಷ್ಟೇ ತುಂಬುತ್ತದೆ. ಕಟ್ಟಡ ತೆಗೆಯುವಾಗ ಲೆನ್ಸ್ ಮೇಲೆ ಏರಿಸಲು ಹೋದರೆ ಮೂಲೆ ಕಪ್ಪು. ಎಫ್ 4.7ರಲ್ಲಿ ಅಂಚು ಮೆತ್ತಗಿರುತ್ತದೆ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ನನ್ನ ಶಟರ್‌ನ ನಿಧಾನದ ವೇಗಗಳು ಇನ್ನೂ ನಿಧಾನವಾಗುತ್ತವೆ. ಕೈಯಲ್ಲಿ ಹಿಡಿದು ತೆಗೆಯುವಾಗ ಆ ವೇಗಗಳೇ ಬೇಡ, ಅದರಿಂದ ಬಚಾವು.

ಎರಡು ವರ್ಷದ ಹಿಂದೆ ಗೆಳೆಯರೊಬ್ಬರ ಫ್ಯೂಜಿನಾನ್ 135 ಎಫ್ 5.6 ಎರವಲು ತಂದು ಒಂದು ತಿಂಗಳು ಬಳಸಿದೆ. ಕಲರ್ ಫಿಲ್ಮ್‌ಗೆ ಅದು ನಿಜವಾಗಿ ಮೇಲು. ಬಿಸಿಲಿಗೆ ಎದುರಾಗಿ ಹಿಡಿದರೂ ಕಪ್ಪು ಕಪ್ಪಾಗೇ ಉಳಿಯುತ್ತದೆ. ಟ್ರೈಪಾಡ್ ಹಾಕುವವರು, ಬಣ್ಣದಲ್ಲಿ ತೆಗೆಯುವವರು ಅದನ್ನೇ ತಗೊಳ್ಳಿ. ನಾನು ತೆಗೆಯುವುದು ಕಪ್ಪುಬಿಳುಪು, ಮುಖಗಳು, ನಿಂತಲ್ಲೇ. ಅಷ್ಟಕ್ಕೆ ಆ ಬೆಲೆ ಕೊಡಲು ಮನಸ್ಸು ಬರಲಿಲ್ಲ. ಆ ದುಡ್ಡಿಗೆ ಫಿಲ್ಮ್ ಬರುತ್ತದೆ. ಏರೋ ಎಕ್ಟಾರ್ 178 ಎಫ್ 2.5 ಬಗ್ಗೆ ಕೇಳುವವರಿಗೆ: ಅದರಲ್ಲಿ ಶಟರ್ ಇಲ್ಲ. ಹಿಂದೆ ಪರದೆ ಶಟರ್ ಇರುವ ಸ್ಪೀಡ್ ಗ್ರಾಫಿಕ್ ಬೇಕು, ಕ್ರೌನ್‌ನಲ್ಲಿ ಅದು ಇರುವುದಿಲ್ಲ.

ಕಲಾರ್ಟ್ ಬದಲು ಮೇಲ್ಗಡೆ ರೇಂಜ್‌ಫೈಂಡರ್ ಇರುವ ಕ್ರೌನ್ ನಿಮ್ಮದಾದರೆ, ನಿಮ್ಮ ಲೆನ್ಸಿಗೆ ಸರಿಯಾದ ಕ್ಯಾಮ್ (ರೇಂಜ್‌ಫೈಂಡರನ್ನು ಆಯಾ ಲೆನ್ಸಿಗೆ ಹೊಂದಿಸುವ ಲೋಹದ ತುಂಡು) ಸಿಗುತ್ತದಾ ಅಂತ ಮೊದಲು ನೋಡಿ, ಆಮೇಲೆ ಲೆನ್ಸ್ ಕೊಳ್ಳಿ. ಯಾರು ಏನೇ ಹೇಳಲಿ, ಎರಡು ಮೀಟರ್ ದೂರದಲ್ಲಿ ಒಂದು ದೀಪ ಇಟ್ಟು ಪರೀಕ್ಷೆ ಮಾಡದೆ ಒಂದು ಹಾಳೆಯನ್ನೂ ಖರ್ಚು ಮಾಡಬೇಡಿ.

ಅಮ್ಮ ಊರಿಗೆ ಹೊರಡುವ ಹಿಂದಿನ ದಿನ ಮನೆಯ ಜಗಲಿಯಲ್ಲಿ ನಿಲ್ಲಿಸಿ ಒಂದೇ ಹಾಳೆ ತೆಗೆದೆ. ಎಫ್ 5.6, ಒಂದೂವರೆ ಮೀಟರ್ ದೂರ. ಚೂಪಾಗಿ ಬರುವ ಆಳ ಒಂದು ಗೇಣೂ ಇರಲಿಲ್ಲ. ತೊಳೆದು ಬೆಳಕಿಗೆ ಹಿಡಿದಾಗ ಭೂತಗನ್ನಡಿಯಲ್ಲಿ ಮೊದಲು ಕಂಡದ್ದು ರೆಪ್ಪೆಗೂದಲು. ಕಿವಿಯ ಓಲೆ ಆಗಲೇ ಮೆತ್ತಗಾಗುತ್ತಿತ್ತು.