ಕಾರ್ಟೆನ್ ಉಕ್ಕಿನ ಗೋಡೆ: ಐದು ವರ್ಷ ಬಳಸಿದ ಮೇಲೆ

ಮನೆಯ ಎರಡು ಹೊರಗೋಡೆಗಳಿಗೆ ಕಾರ್ಟೆನ್ ಉಕ್ಕಿನ ಹಾಳೆ ಹೊದಿಸಿ ಐದು ವರ್ಷ ತುಂಬಿತು. ಮತ್ತೆ ಮತ್ತೆ ಬಣ್ಣ ಬಳಿಸುವ ಗೋಜು ಬೇಡವೆಂದು ಇದನ್ನು ಆರಿಸಿದ್ದೆ. ಗೋಡೆ ಈಗ ಗಾಢ ಕಂದು ಬಣ್ಣಕ್ಕೆ ತಿರುಗಿ ನಿಂತಿದೆ, ನನಗೆ ತೃಪ್ತಿಯಿದೆ. ಆದರೆ ಮೊದಲ ಎರಡು ವರ್ಷ ಹೇಗಿರುತ್ತವೆ ಎಂಬುದನ್ನು ಮಾರಿದವರು ಬಿಡಿಸಿ ಹೇಳಿರಲಿಲ್ಲ.

ತಾಮ್ರ, ಕ್ರೋಮಿಯಂಗಳನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿದ ಉಕ್ಕು ಇದು. ನೆನೆದು ಒಣಗಿ, ಮತ್ತೆ ನೆನೆದು ಒಣಗುತ್ತಾ ಹೋದಂತೆ ತುಕ್ಕೇ ದಟ್ಟ ಪದರವಾಗಿ ಕಚ್ಚಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಆ ಪದರ ಬಲಿಯುವ ತನಕ ಪ್ರತಿ ಮಳೆಗೂ ಕಿತ್ತಳೆ ಬಣ್ಣದ ನೀರು ಇಳಿಯುತ್ತದೆ. ಮೊದಲ ಮಳೆಯ ಮರುದಿನ ಬುಡದ ಕಾಂಕ್ರೀಟಿನ ಮೇಲೆ, ಹಾಳೆಗಳ ಪ್ರತಿ ಸಂದಿನ ನೇರಕ್ಕೂ, ಬೆರಳಗಲದ ಗೆರೆಗಳು ಮೂಡಿದ್ದವು. ಬ್ರಷ್ ಹಿಡಿದು ಉಜ್ಜಿದಷ್ಟೂ ಹರಡಿದವು. ಆಕ್ಸಾಲಿಕ್ ಆಮ್ಲದ ತಿಳಿ ದ್ರಾವಣದಿಂದ ಕಲೆ ಮಸುಕಾಯಿತು, ಪೂರ್ತಿ ಹೋಗಲಿಲ್ಲ.

ನೀರಿನ ದಾರಿಯನ್ನು ಬದಲಿಸಿದ ಮೇಲೆಯೇ ಸಮಸ್ಯೆ ಬಗೆಹರಿಯಿತು. ಹಾಳೆಯ ಕೆಳಗಂಚನ್ನು ಹೊರಕ್ಕೆ ಮಡಿಸಿ, ಹನಿ ಬೀಳುವ ಕಡೆ ಕಾಂಕ್ರೀಟ್ ಒಡೆಸಿ ಕಪ್ಪು ಜಲ್ಲಿ ತುಂಬಿಸಿದೆ. ಇದನ್ನು ಗೋಡೆ ಕಟ್ಟುವಾಗಲೇ ಮಾಡಿಸಿ ಎಂದು ಎಲ್ಲರಿಗೂ ಹೇಳುತ್ತೇನೆ.

ನನಗೆ ದುಬಾರಿಯಾದದ್ದು ಇನ್ನೊಂದು ತಪ್ಪು. ಕಲೆ ಬೀಳುವುದು ನಿಲ್ಲುತ್ತದೆಂಬ ಗುತ್ತಿಗೆದಾರರ ಮಾತು ನಂಬಿ ಕೆಳಸಾಲಿನ ಹಾಳೆಗಳಿಗೆ ಪಾರದರ್ಶಕ ಲೇಪನ ಕೊಡಿಸಿದೆ. ವರ್ಷದೊಳಗೆ ಅದು ಗುಳ್ಳೆಯೆದ್ದಿತು. ಒಂದು ಗುಳ್ಳೆಯನ್ನು ಉಗುರಿನಿಂದ ಎಬ್ಬಿಸಿ ನೋಡಿದರೆ, ಎರಡು ದಿನ ಬಿಸಿಲು ಕಾದಿದ್ದರೂ ಒಳಗೆ ಕೆಂಪು ಹುಡಿ ಒದ್ದೆಯಾಗಿಯೇ ಇತ್ತು. ಲೇಪನವನ್ನೆಲ್ಲ ಕೆರೆಸಿ ಮೊದಲಿನಿಂದ ಶುರುಮಾಡಬೇಕಾಯಿತು.

ಒಣಗಲು ಬಿಡದಿದ್ದರೆ ಈ ಉಕ್ಕು ಸಾಮಾನ್ಯ ಕಬ್ಬಿಣದಂತೆಯೇ ಸವೆಯುತ್ತದೆ. 1964ರಲ್ಲಿ ಮುಗಿದ, ಅಮೆರಿಕದ ಮೊಲೀನ್‌ನಲ್ಲಿರುವ ಟ್ರ್ಯಾಕ್ಟರ್ ಕಂಪನಿ ಜಾನ್ ಡೀರ್‌ನ ಪ್ರಧಾನ ಕಚೇರಿ ಇದೇ ಉಕ್ಕಿನದು, ಇಂದಿಗೂ ನಿಂತಿದೆ. ಅಟ್ಲಾಂಟಾದ ತೇವದ ಹವೆಯಲ್ಲಿ 1972ರಲ್ಲಿ ತೆರೆದ ಓಮ್ನಿ ಕ್ರೀಡಾಂಗಣದಲ್ಲಿ ಮಾತ್ರ ತುಕ್ಕು ನಿಲ್ಲಲೇ ಇಲ್ಲ. ಸಮುದ್ರದ ಉಪ್ಪುಗಾಳಿ ಬಡಿಯುವ ಜಾಗಕ್ಕಂತೂ ಇದು ಬೇಡವೇ ಬೇಡ.

ಹಾಳೆಯನ್ನು ಮರಳು ಸಿಡಿಸಿ ಸ್ವಚ್ಛಗೊಳಿಸಿಯೇ ತರಿಸಿ. ಇಲ್ಲದಿದ್ದರೆ ಎಣ್ಣೆಯ ಬೆರಳಚ್ಚು ಕೂಡ ತಿಂಗಳುಗಟ್ಟಲೆ ಕಾಣುತ್ತದೆ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದಿರಲಿ, ಸತು ಲೇಪಿಸಿದ್ದು ಬೇಡ. ಹಾಳೆಯ ಹಿಂದೆ ಗಾಳಿಯಾಡಲು ಜಾಗ ಬಿಡಿ.

ಆರು ತಿಂಗಳಿಗೊಮ್ಮೆ ಒಣ ಬಿಳಿ ಬಟ್ಟೆಯಿಂದ ಗೋಡೆ ಒರೆಸಿ ನೋಡುತ್ತೇನೆ. ಮೊದಲ ವರ್ಷ ಬಟ್ಟೆ ಪೂರ್ತಿ ಕೆಂಪಾಗುತ್ತಿತ್ತು, ಈಗ ಮಸುಕು ಕಂದು ಅಷ್ಟೇ. ಬಿಸಿಲು ಬೀಳದ ಗೋಡೆಯ ಮೂಲೆಯಲ್ಲಿ ತರಗೆಲೆ ಸಿಕ್ಕಿಕೊಂಡ ಕಡೆ ಮಾತ್ರ ತುಕ್ಕು ಚಕ್ಕೆಚಕ್ಕೆಯಾಗಿ ಏಳುತ್ತಿದೆ. ಅದು ಒಳ್ಳೆಯ ಲಕ್ಷಣವಲ್ಲ. ಎಲೆ ತೆಗೆದು, ಚಕ್ಕೆಯನ್ನು ತಂತಿಬ್ರಷ್‌ನಿಂದ ಉಜ್ಜಿದ್ದೇನೆ. ಮುಂದಿನ ಮಳೆಗಾಲ ಕಳೆದ ಮೇಲೆ ಅಲ್ಲಿ ಏನಾಗಿದೆ ಎಂದು ಇಲ್ಲೇ ಬರೆಯುತ್ತೇನೆ.