ಕಾಟ್ಸ್‌ವೋಲ್ಡ್ ಕಾಲ್ನಡಿಗೆ ಪ್ರವಾಸಕ್ಕೆ ಪೂರ್ತಿ ಹಣ ಕಟ್ಟುವ ಮುನ್ನ

ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ ವೇ ಕಾಲುದಾರಿಯಲ್ಲಿ, ಸಂತೆ ಊರಿನಿಂದ ಸಂತೆ ಊರಿಗೆ ವಾರವಿಡೀ ನಡೆಯುವ ಆಸೆಯಿರುವವರು ದಯವಿಟ್ಟು ಇದನ್ನು ಓದಿ. ಚಿಪ್ಪಿಂಗ್ ಕ್ಯಾಂಪ್ಡನ್‌ನಿಂದ ಬಾತ್ ನಗರದವರೆಗೆ ಸುಮಾರು 164 ಕಿಲೋಮೀಟರ್ ಸಾಗುವ ಈ ದಾರಿಯ ಉತ್ತರ ಭಾಗವನ್ನು ನಾನೂ ನನ್ನ ಹೆಂಡತಿಯೂ ಒಂದು ಏಜೆನ್ಸಿಯ ಮೂಲಕ ‘ಸೆಲ್ಫ್ ಗೈಡೆಡ್’ ಪ್ರವಾಸವಾಗಿ ಕೈಗೊಂಡಿದ್ದೆವು. ಇಂಥ ಪ್ರವಾಸದಲ್ಲಿ ಗೈಡ್ ಇರುವುದಿಲ್ಲ. ಏಜೆನ್ಸಿಯವರು ಪ್ರತಿ ರಾತ್ರಿಯ ಕೋಣೆಯನ್ನು ಕಾಯ್ದಿರಿಸಿ, ಲಗೇಜನ್ನು ಮುಂದಿನ ವಸತಿಗೆ ಸಾಗಿಸಿ, ದಾರಿಯ ವಿವರಗಳನ್ನು ಬರೆದು ಕೊಡುತ್ತಾರೆ. ಈ ಮೂರರಲ್ಲಿಯೂ ಅವರು ನಮ್ಮ ಕೈಬಿಟ್ಟರು.

ಅಕ್ಟೋಬರ್ ಕೊನೆಯ ಭಾನುವಾರ ನಾವು ಬ್ರಾಡ್‌ವೇಯಿಂದ ವಿಂಚ್‌ಕೂಂಬ್‌ಗೆ ಹೊರಟಿದ್ದೆವು. ಅಂತರ ಸುಮಾರು 19 ಕಿಲೋಮೀಟರ್. ನಕ್ಷೆ ಹಿಡಿದು ನಡೆಯುವವರು ಐದು ಕಿಲೋಮೀಟರಿಗೆ ಒಂದು ಗಂಟೆಯನ್ನೂ, 600 ಮೀಟರ್ ಏರಿಗೆ ಮತ್ತೊಂದು ಗಂಟೆಯನ್ನೂ ಲೆಕ್ಕ ಹಾಕುತ್ತಾರೆ. ಆದರೆ ಆ ಲೆಕ್ಕದಲ್ಲಿ ವಿಶ್ರಾಂತಿಯೂ ಇಲ್ಲ, ಮಳೆಯ ನಂತರದ ಜೇಡಿಮಣ್ಣೂ ಇಲ್ಲ. ಸ್ಟಾಂಟನ್ ದಾಟಿದ ಮೇಲೆ ಬೂಟಿನಡಿ ಅಂಗೈ ದಪ್ಪದ ಕೆಸರು ಮೆತ್ತಿಕೊಳ್ಳುತ್ತಿತ್ತು. ಹೊಲದಂಚಿನ ಬೇಲಿ ದಾಟಲು ಹಾಕಿರುವ ಮರದ ಮೆಟ್ಟಿಲಿನ ಮೇಲೆ ನಿಂತು ಕಡ್ಡಿಯಿಂದ ಅದನ್ನು ಕೆರೆದು ಹಾಕಿದರೆ, ಹತ್ತು ಹೆಜ್ಜೆ ಇಡುವುದರೊಳಗೆ ಮತ್ತೆ ಅಷ್ಟೇ ಸೇರುತ್ತಿತ್ತು. ಏಜೆನ್ಸಿಯ ಟಿಪ್ಪಣಿ ‘ಬಿಳಿ ಗೇಟಿನ ಬಳಿ ಎಡಕ್ಕೆ’ ಎಂದು ಹೇಳುತ್ತಿದ್ದ ಜಾಗದಲ್ಲಿ ಗೇಟೇ ಇರಲಿಲ್ಲ. ರಾಷ್ಟ್ರೀಯ ಕಾಲುದಾರಿಗಳ ಗುರುತಾದ ಓಕ್ ಕಾಯಿಯ ಚಿಹ್ನೆಯನ್ನು ಹುಡುಕುತ್ತಾ, 13ನೇ ಶತಮಾನದ ಹೇಲ್ಸ್ ಮಠದ ಪಾಳುಗೋಡೆಗಳನ್ನು ತಲುಪುವಷ್ಟರಲ್ಲಿ ಬೆಳಕು ಕರಗತೊಡಗಿತ್ತು. ಅಂದೇ ಬೆಳಗಿನ ಜಾವ ದೇಶದ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದರಿಂದ ಐದು ಗಂಟೆಗೆ ಮುಂಚೆಯೇ ಸೂರ್ಯ ಮುಳುಗಿದ. ಹೊರಡುವ ಹೊತ್ತನ್ನು ನಿಗದಿಪಡಿಸಿ ಕೊಟ್ಟವರು ಈ ವಿಷಯವನ್ನು ಎಲ್ಲಿಯೂ ತಿಳಿಸಿರಲಿಲ್ಲ.

ವಿಂಚ್‌ಕೂಂಬ್ ತಲುಪಿದ ಮೇಲೆ ತಿಳಿದದ್ದು ಇನ್ನೂ ಕೆಟ್ಟ ಸಂಗತಿ. ಕಾಗದದಲ್ಲಿ ಊರಿನ ಹೆಸರಿದ್ದರೂ ನಮ್ಮ ಕೋಣೆ ಇದ್ದದ್ದು ಊರಾಚೆ ಹಲವು ಕಿಲೋಮೀಟರ್ ದೂರದ ತೋಟದ ಮನೆಯಲ್ಲಿ. ಅಲ್ಲಿಗೆ ಹೋಗುವ ರಸ್ತೆಯ ಎರಡೂ ಬದಿ ಎತ್ತರದ ಪೊದೆಬೇಲಿ. ಫುಟ್‌ಪಾತ್ ಇಲ್ಲ, ದೀಪವೂ ಇಲ್ಲ. ಏಜೆನ್ಸಿಯ ತುರ್ತು ನಂಬರಿಗೆ ಕರೆ ಮಾಡಿದರೆ ಯಾರೂ ಎತ್ತಲಿಲ್ಲ. ಮೊದಲೇ ಹೇಳಿರದಿದ್ದ ಕಾರಣ ಟ್ಯಾಕ್ಸಿ ಸಿಗಲಿಲ್ಲ. ನಾವು ವಿಚಾರಿಸಿದ ಪಬ್‌ನ ಅಡುಗೆಮನೆ ಭಾನುವಾರ ಮಧ್ಯಾಹ್ನದ ಊಟ ಮುಗಿಸಿ ಬಾಗಿಲು ಹಾಕಿತ್ತು. ಕೊನೆಗೆ ತೋಟದ ಮನೆಯ ಯಜಮಾನಿಯೇ ಕಾರು ತಂದು ನಮ್ಮನ್ನು ಕರೆದೊಯ್ದರು. ಆ ತಾಯಿಯ ಉಪಕಾರವನ್ನು ಮರೆಯಲಾರೆ. ಆದರೆ ಲಗೇಜು ಬ್ರಾಡ್‌ವೇಯಲ್ಲಿಯೇ ಉಳಿದಿತ್ತು. ಸಾಗಿಸುವವರಿಗೆ ಭಾನುವಾರ ರಜೆಯಂತೆ. ನನ್ನ ಹೆಂಡತಿಯ ಸಕ್ಕರೆ ಕಾಯಿಲೆಯ ಮಾತ್ರೆಗಳು ಅದರಲ್ಲಿದ್ದವು.

ಪರಿಹಾರ ಕೇಳಿದಾಗ, ‘ನಾವು ಬರೀ ಮಧ್ಯವರ್ತಿಗಳು, ಪ್ರತಿಯೊಂದು ಸೇವೆಗೂ ಅದನ್ನು ಒದಗಿಸಿದವರೇ ಹೊಣೆ’ ಎಂಬ ಉತ್ತರ ಬಂತು. ಬ್ರಿಟನ್ನಿನ 2018ರ ಪ್ಯಾಕೇಜ್ ಪ್ರವಾಸ ನಿಯಮಗಳ ಪ್ರಕಾರ, ಪ್ಯಾಕೇಜ್ ಆಗಿ ಮಾರಿದ ಪ್ರವಾಸದಲ್ಲಿ ಬೇರೆಯವರು ಒದಗಿಸುವ ಸೇವೆಗೂ ಅದನ್ನು ಸಂಘಟಿಸಿದ ಸಂಸ್ಥೆಯೇ ಹೊಣೆ. ಆದ್ದರಿಂದ ತಮ್ಮ ಪ್ರವಾಸವನ್ನು ಪ್ಯಾಕೇಜ್ ಎಂದು ಮಾರುತ್ತಿದ್ದಾರೆಯೇ, ಸಂಘಟಕರು ಯಾರು ಎಂಬುದನ್ನು ಹಣ ಕಟ್ಟುವ ಮೊದಲೇ ಬರಹದಲ್ಲಿ ಪಡೆದುಕೊಳ್ಳಿ. ಉತ್ತರ ಕೊಡಲು ಹಿಂದೆಮುಂದೆ ನೋಡುವವರೊಂದಿಗೆ ವ್ಯವಹಾರ ಬೇಡ.

ವಸತಿಯ ವಿಷಯದಲ್ಲಿ ಊರಿನ ಹೆಸರನ್ನೂ ಪೋಸ್ಟ್‌ಕೋಡನ್ನೂ ನಂಬಿ ಕೂರಬೇಡಿ. ಹಳ್ಳಿಗಾಡಿನಲ್ಲಿ ಒಂದೇ ಪೋಸ್ಟ್‌ಕೋಡ್ ಚದುರಿದ ಹಲವು ಮನೆಗಳಿಗೆ ಇರಬಹುದು. ಪ್ರತಿ ಮನೆಯ ಗ್ರಿಡ್ ಸಂಖ್ಯೆಯನ್ನು, ಅಂದರೆ ನಕ್ಷೆಯಲ್ಲಿ ಅದರ ಜಾಗವನ್ನು ತೋರಿಸುವ ಅಂಕಿಗಳನ್ನು ಕೇಳಿ ಪಡೆದು, ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೇಯ 1:25,000 ಅಳತೆಯ ನಕ್ಷೆಯಲ್ಲಿ ಗುರುತಿಸಿ, ಕಾಲುದಾರಿಯಿಂದ ಅದು ಎಷ್ಟು ದೂರವೆಂದು ನೀವೇ ಅಳೆಯಿರಿ. ಆಮೇಲೆ ಆ ಮನೆಯವರಿಗೆ ನೇರವಾಗಿ ಕರೆ ಮಾಡಿ, ಭಾನುವಾರ ರಾತ್ರಿ ಸಸ್ಯಾಹಾರಿ ಊಟ ಸಿಗುವುದೇ, ಲಗೇಜನ್ನು ಯಾರು ಎಷ್ಟು ಹೊತ್ತಿಗೆ ತರುತ್ತಾರೆ ಎಂದು ವಿಚಾರಿಸಿ. ಚಿಪ್ಪಿಂಗ್ ಕ್ಯಾಂಪ್ಡನ್‌ನಲ್ಲಿ ರೈಲು ನಿಲ್ದಾಣವಿಲ್ಲ. ಮೊರ್ಟನ್-ಇನ್-ಮಾರ್ಷ್‌ನಲ್ಲಿ ಇಳಿದು ಬಸ್ಸನ್ನೋ ಟ್ಯಾಕ್ಸಿಯನ್ನೋ ಹಿಡಿಯಬೇಕಾದ್ದರಿಂದ ಪ್ರವಾಸವನ್ನು ಭಾನುವಾರ ಆರಂಭಿಸದಿರುವುದು ಒಳ್ಳೆಯದು. ಔಷಧಿ, ಟಾರ್ಚು ಮತ್ತು ಒಂದು ಹೊತ್ತಿನ ಊಟ ಮಾತ್ರ ಯಾವ ಕಾರಣಕ್ಕೂ ಬೆನ್ನಿನ ಚೀಲದಿಂದ ಲಗೇಜಿಗೆ ಹೋಗದಿರಲಿ.