ಫೈರ್‌ವಾಲ್ ರೂಲುಗಳನ್ನು ಟೂಲಿನ ಕೈಗೆ ಕೊಟ್ಟು ಎರಡೂವರೆ ವರ್ಷ

ಕೊಪ್ಪಳ ಜಿಲ್ಲೆಯ ಗಿಣಿಗೇರಾ ಹತ್ತಿರದ ಒಂದು ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವನು ನಾನು. ಯಾವ ಸಂಪರ್ಕ ಒಳಗೆ ಬಿಡಬೇಕು, ಯಾವುದನ್ನು ತಡೆಯಬೇಕು ಅಂತ ರೂಲು ನೋಡಿ ಕಾಯುವ ಫೈರ್‌ವಾಲ್ ನಾಲ್ಕು ಇವೆ. ರೂಲುಗಳು ಅರ್ಧ ಎಕ್ಸೆಲ್‌ನಲ್ಲಿ, ಅರ್ಧ ನನ್ನ ತಲೆಯಲ್ಲಿ ಇದ್ದವು. ಅವನ್ನು ನಿಭಾಯಿಸುವ ಟೂಲ್ ತಗೊಂಡು ಎರಡೂವರೆ ವರ್ಷ ಆಯಿತು. ಬೈಯುವುದೂ ಇದೆ, ಹಾಗಾಗಿ ಅದರ ಹೆಸರು ಬೇಡ.

ಮೊದಲ ದಿನವೇ ಅದು ನನ್ನ ಮಾನ ಕಳೆಯಿತು. ಮುಖ್ಯ ಫೈರ್‌ವಾಲಿನ 37ನೇ ರೂಲು 'ಎನಿ ಟು ಎನಿ'. ಯಾರು ಎಲ್ಲಿಗೆ ಬೇಕಾದರೂ ಹೋಗಬಹುದು. ಪಕ್ಕದಲ್ಲಿ ಕಾಮೆಂಟು: 'ಟೆಂಪರರಿ, ದೀಪಾವಳಿ ಆದಮೇಲೆ ತೆಗೆಯಬೇಕು'. ಯಾವ ದೀಪಾವಳಿಯೋ! ಬರೆದವನು ನಾನೇ. ಫೈರ್‌ವಾಲ್ ರೂಲುಗಳನ್ನು ಮೇಲಿಂದ ಕೆಳಗೆ ನೋಡುತ್ತದೆ, ಮೊದಲು ಹೊಂದಿದ ಕಡೆ ನಿಂತುಬಿಡುತ್ತದೆ. 37ರ ಕೆಳಗೆ ನಾನು ಕಷ್ಟಪಟ್ಟು ಬರೆದ ಅಷ್ಟೂ ರೂಲುಗಳು ಸುಮ್ನೆ ಕೂತಿದ್ದವು.

ದಿನದ ಕೆಲಸದಲ್ಲಿ ಉಪಕಾರ ಆಗಿದೆ. ಮೊದಲು ಯಾರಾದರೂ ಪೋರ್ಟ್ (ಒಂದೊಂದು ಸೇವೆಗೆ ಇರುವ ನಂಬರಿನ ಬಾಗಿಲು) ತೆಗೆಯಲು ಕೇಳಿದರೆ ದಾರಿಯಲ್ಲಿ ಯಾವ ಫೈರ್‌ವಾಲ್ ಬರುತ್ತದೆ ಅಂತ ಹುಡುಕುವುದರಲ್ಲೇ ಒಂದು ದಿನ ಹೋಗುತ್ತಿತ್ತು. ಈಗ ಹತ್ತು ನಿಮಿಷ. ಒಮ್ಮೆ ಆಫೀಸಿನ ಲ್ಯಾಪ್‌ಟಾಪಿನಿಂದ ಕಿಲ್ನ್ ಪಿಎಲ್‌ಸಿಗೆ, ಅಂದರೆ ಕುಲುಮೆ ನಡೆಸುವ ಕಂಟ್ರೋಲರ್‌ಗೆ, 502 ಪೋರ್ಟ್ ಕೇಳಿದ್ದರು. ಟೂಲ್ ಕೆಂಪು ತೋರಿಸಿತು. 502 ಅಂದರೆ ಮಾಡ್‌ಬಸ್, ಕಾರ್ಖಾನೆಯ ಯಂತ್ರಗಳು ಮಾತಾಡುವ ಭಾಷೆ, ಅದಕ್ಕೆ ಪಾಸ್‌ವರ್ಡ್ ಅನ್ನುವುದೇ ಇಲ್ಲ. ನಾನಾದರೆ ಅವಸರದಲ್ಲಿ ಬಿಟ್ಟುಬಿಡುತ್ತಿದ್ದೆನೋ ಏನೋ.

ಈಗ ಬೈಗುಳ. 90 ದಿನ ಒಂದೂ ಹಿಟ್ ಇಲ್ಲದ, ಅಂದರೆ ಒಮ್ಮೆಯೂ ಬಳಕೆಯಾಗದ ರೂಲನ್ನು 'ಬಳಕೆಯಲ್ಲಿಲ್ಲ' ಅಂತ ಗುರುತಿಸಿ ತಾನೇ ಆಫ್ ಮಾಡುವ ಸೌಲಭ್ಯ ಇದೆ. ಆನ್ ಮಾಡಿದ್ದೆ. ಕೆಲವು ತಿಂಗಳು ಕಳೆದ ಮೇಲೆ ಬೆಳಿಗ್ಗೆ ಗೇಟಿನಿಂದ ಫೋನ್: "ಸರ, ತೂಕ ಕಾಣಾಕತ್ತೈತ್ರಿ, ಸ್ಲಿಪ್ ಬರವಲ್ದು." ನಮ್ಮಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಎರಡು. ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯವರು ಒಂದನೆಯದಕ್ಕೆ ಸೀಲ್ ಹಾಕಲು ಬರುತ್ತಾರೆ. ಆ ದಿನ ಮಾತ್ರ ಲಾರಿಗಳೆಲ್ಲ ಹಳೆಯ ಎರಡನೆಯದಕ್ಕೆ. ಅದರಿಂದ ಸರ್ವರ್‌ಗೆ ಹೋಗುವ ರೂಲನ್ನೇ ಟೂಲ್ ಆಫ್ ಮಾಡಿತ್ತು. ನಾನು ಸರಿ ಮಾಡುವಷ್ಟರಲ್ಲಿ ಅದಿರಿನ ಲಾರಿಗಳು ಹೊಸಪೇಟೆ ರಸ್ತೆ ತನಕ ನಿಂತಿದ್ದವು. ಡ್ರೈವರ್‌ಗಳ ಬಾಯಿಗೆ ಸಿಕ್ಕಿದ್ದು ಪಾಪ ಗೇಟಿನವನು.

90 ಅನ್ನು ಹೆಚ್ಚಿಸಿದರೆ ಸಾಕು ಅಂದುಕೊಂಡೆ. ಆದರೆ ಟೂಲ್ ಹಿಟ್ ಲೆಕ್ಕ ಹಾಕುವುದು ಲಾಗ್, ಅಂದರೆ ಫೈರ್‌ವಾಲ್ ಬರೆದಿಡುವ ದಾಖಲೆ ನೋಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್‌ನ 2022ರ ಆದೇಶದ ಪ್ರಕಾರ 180 ದಿನದ ಲಾಗ್ ಇಡಬೇಕು, ನಾವು ಇಡುವುದೂ ಅಷ್ಟೇ. ವರ್ಷಕ್ಕೊಮ್ಮೆ ಓಡುವ ರೂಲು ಅದರಲ್ಲಿ ಕಾಣುವುದಾದರೂ ಹೇಗೆ? ಕೊನೆಗೆ ವೇಬ್ರಿಡ್ಜ್, ಆಡಿಟ್, ಶಟ್‌ಡೌನ್ ಕೆಲಸ ಅಂತ ಇಲಾಖೆ ಇಲಾಖೆಗೆ ಹೋಗಿ ಕೇಳಿ, 23 ರೂಲುಗಳಿಗೆ 'ವಾರ್ಷಿಕ' ಅಂತ ಟ್ಯಾಗ್ ಹಾಕಿದೆ. ಆಟೋ ಆಫ್ ಬಂದ್ ಮಾಡಿದೆ. ಈಗ ಅದು ಪಟ್ಟಿ ಕೊಡುತ್ತದೆ, ರೂಲಿನ ಒಡೆಯರು ಹೂಂ ಅಂದಮೇಲೆ ನಾನು ತೆಗೆಯುತ್ತೇನೆ.

ಉಳಿದ ತಕರಾರು ಸಣ್ಣವು. ನಮ್ಮ ಹಳೆಯ ಫೈರ್‌ವಾಲಿನ ನ್ಯಾಟ್ (ನೆಟ್‌ವರ್ಕ್ ವಿಳಾಸ ಬದಲಿಸುವ ವ್ಯವಸ್ಥೆ) ಟೂಲಿಗೆ ಸರಿಯಾಗಿ ಅರ್ಥ ಆಗಲ್ಲ, ದಾರಿ ತಪ್ಪು ತೋರಿಸುತ್ತದೆ. ಲೈಸೆನ್ಸ್ ಡಿವೈಸ್ ಲೆಕ್ಕದಲ್ಲಿ, ಅದೂ ಡಾಲರ್‌ನಲ್ಲಿ. ಒಂದೆರಡು ಫೈರ್‌ವಾಲ್ ಇರುವ ಅಕ್ಕಿ ಮಿಲ್ಲಿನವರಿಗೆಲ್ಲ ಇದು ಬೇಡವೇ ಬೇಡ, ಎಕ್ಸೆಲ್ ಸಾಕು.

ಮುಂದಿನ ತಿಂಗಳು ರಿನ್ಯೂವಲ್. ಮೂರು ವರ್ಷಕ್ಕೆ ಒಟ್ಟಿಗೇ ಮಾಡಿ ಅಂತ ಮಾರುವವರು ದಿನಾ ಫೋನ್ ಮಾಡುತ್ತಿದ್ದಾರೆ. ನಾನು ಒಂದು ವರ್ಷಕ್ಕೆ ಮಾತ್ರ ಬರೆದು ಕಳಿಸಿದ್ದೇನೆ.